ಸಫಾರಿ ಪ್ರವಾಸ: ಬೀದರಿನ ಬಯಲು, ಆಫ್ರಿಕದ ಬಯಲು

ಸಫಾರಿ ಪ್ರವಾಸ: ಕಾಡುಪ್ರಾಣಿಗಳನ್ನು ಅವು ಬದುಕುವ ನೆಲದಲ್ಲೇ ನೋಡಿ ಬರಲು ಕೈಗೊಳ್ಳುವ ಪ್ರವಾಸ. ಪೂರ್ವ ಮತ್ತು ದಕ್ಷಿಣ ಆಫ್ರಿಕದ ರಾಷ್ಟ್ರೀಯ ಉದ್ಯಾನಗಳು ಇದಕ್ಕೆ ಹೆಸರುವಾಸಿ. ಬೇಟೆಯಾಗಿ ಹುಟ್ಟಿದ ಈ ಹವ್ಯಾಸ ಇಪ್ಪತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ನೋಟವಾಗಿ ಬದಲಾಯಿತು. ಬೀದರ್ ಜಿಲ್ಲೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಇಲ್ಲಿಯ ಅರಸರು ಆಡಿದ ಬೇಟೆಯ ಮೃಗ ಈ ಹೊತ್ತಿಗೂ ಇಲ್ಲಿಯ ಬಯಲಿನಲ್ಲಿದೆ.

ಬೀದರ್ ನಗರದ ಗಾಂಧಿ ಗಂಜ್‌ನಲ್ಲಿ ಆಫ್ರಿಕದ ಮಾತು ಬರುವುದು ಹೆಚ್ಚಾಗಿ ತೊಗರಿಯ ಧಾರಣೆಯ ಜೊತೆಗೆ. ಮೊಜಾಂಬಿಕ್‌ನಿಂದ ತೊಗರಿ ತರಿಸಿಕೊಳ್ಳಲು ಭಾರತ 2016ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡಿತು. ತಾಂಜಾನಿಯಾ, ಮಲಾವಿಗಳಿಂದಲೂ ಹಡಗುಗಳಲ್ಲಿ ತೊಗರಿ ಬರುತ್ತದೆ. ಭಾಲ್ಕಿ, ಔರಾದದ ರೈತರು ಗಂಜ್‌ಗೆ ತಂದು ಸುರಿದ ರಾಶಿಯ ಸವಾಲಿನ ಮೇಲೆ ಆ ಹಡಗುಗಳ ನೆರಳು ಬೀಳುತ್ತದೆ. ಆದರೆ ಈ ನಂಟು ತೊಗರಿಗಿಂತ ತುಂಬ ಹಳೆಯದು. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಇಥಿಯೋಪಿಯಾದ ಕಡೆಯಿಂದ ಗುಲಾಮರಾಗಿ, ಸೈನಿಕರಾಗಿ ಬಂದ ಹಬ್ಶಿಗಳು ಅವರ ದರಬಾರಿನಲ್ಲಿ ಅಮೀರರಾಗುವ ಮಟ್ಟಕ್ಕೆ ಏರಿದರು. ಹಬ್ಶಿ ಕೋಟೆ ಎಂದು ಜನ ಕರೆಯುವ ಗುಡ್ಡದ ಮೇಲಿನ ಗೋರಿಗಳು ಅವರ ಕಾಲದ ಗುರುತು.

ಆ ದರಬಾರಿಗೆ ಬೇಟೆಯೆಂದರೆ ವೈಭವದ ಮೆರವಣಿಗೆ. ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ಸುಲ್ತಾನ ತಾಯಿ ಮತ್ತು ರಾಣಿಯೊಡನೆ ವಿನೋದಕ್ಕೆ ಹೊರಟರೆ ಹತ್ತು ಸಾವಿರ ಕುದುರೆ ಸವಾರರು, ಐವತ್ತು ಸಾವಿರ ಕಾಲಾಳುಗಳು, ಇನ್ನೂರು ಆನೆಗಳು ಜೊತೆಗಿರುತ್ತಿದ್ದವೆಂದು ಅವನು ಬರೆದಿಟ್ಟ. ಸಂಖ್ಯೆಗಳಲ್ಲಿ ಬೆರಗಿನ ಉಬ್ಬರ ಇರಬಹುದು. ಆದರೂ ಊರಾಚೆಯ ಬಯಲು ಆಗ ಎಷ್ಟು ವಿಶಾಲವಾಗಿತ್ತು, ಅರಸರಿಗೆ ಅದು ಏನಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಕೋಟೆಯ ಶರ್ಜಾ ದರ್ವಾಜಾ 1503ರಲ್ಲಿ ಎದ್ದಿತು. ಅದರ ಮುಖದ ಮೇಲೆ ಎರಡು ಹುಲಿಗಳನ್ನು ಕೆತ್ತಲಾಗಿದೆ.

ದಖ್ಖನಿನ ಬಯಲಿನಲ್ಲಿ ಅರಸರ ಬೇಟೆಗೆ ಸಿಗುತ್ತಿದ್ದ ಮುಖ್ಯ ಮೃಗ ಕೃಷ್ಣಮೃಗ. ಅದನ್ನು ಹಿಡಿಸಲು ಪಳಗಿಸಿದ ಚೀತಾಗಳನ್ನು, ಅಂದರೆ ಶಿವಂಗಿಗಳನ್ನು, ಕಣ್ಣಿಗೆ ಪಟ್ಟಿ ಕಟ್ಟಿ ಬಂಡಿಯಲ್ಲಿ ಒಯ್ಯುತ್ತಿದ್ದರು. ಹಿಂಡು ಕಂಡಾಗ ಪಟ್ಟಿ ಬಿಚ್ಚಿ ಬಿಡುತ್ತಿದ್ದರು. ಚೀತಾ ಸೆರೆಯಲ್ಲಿ ಮರಿ ಹಾಕುವುದು ಆಗ ಬಹಳ ಅಪರೂಪವಾಗಿತ್ತು. ಹಾಗಾಗಿ ಬೇಟೆಗೆ ಬೇಕಾದ ಒಂದೊಂದು ಚೀತಾವನ್ನೂ ಕಾಡಿನಿಂದಲೇ ಹಿಡಿಯಬೇಕಾಗಿತ್ತು. ನೂರಾರು ವರ್ಷ ಹೀಗೆ ಹಿಡಿದು ಹಿಡಿದು, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಭಾರತದ ಕಾಡಿನಲ್ಲಿ ಅವು ಸಿಗದ ಹಾಗಾಯಿತು. ಆಗ ಕೊಲ್ಹಾಪುರ, ಭಾವನಗರದಂಥ ಸಂಸ್ಥಾನಗಳು ಆಫ್ರಿಕದಿಂದಲೇ ಚೀತಾ ತರಿಸಿಕೊಂಡವು. 1918ರಿಂದ 1945ರವರೆಗೆ ಹೀಗೆ ಬಂದವು ಸುಮಾರು ಇನ್ನೂರು. ಆಫ್ರಿಕದ ಪ್ರಾಣಿಯನ್ನು ನೋಡಲು ಇಂದು ನಾವು ಅಲ್ಲಿಗೆ ಹೋಗುತ್ತೇವೆ. ಆಗ ಅಲ್ಲಿಯ ಪ್ರಾಣಿ ನಮ್ಮ ಜಿಂಕೆಯ ಬೆನ್ನಟ್ಟಲು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಭಾರತದ ಚೀತಾ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದು ಬಿಟ್ಟರು.

ಆಫ್ರಿಕದಲ್ಲೂ ಮೊದಲು ಬಂದದ್ದು ಕೋವಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾದಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದರು. 1898ರಲ್ಲಿ ತ್ಸಾವೋ ಸೇತುವೆಯ ಕೆಲಸಕ್ಕೆ ಗುಡಾರ ಹಾಕಿದ್ದಾಗ ಎರಡು ಸಿಂಹಗಳು ಅವರಲ್ಲಿ ಹಲವರನ್ನು ಹೊತ್ತೊಯ್ದವು. ಆ ಸಿಂಹಗಳನ್ನು ಕೊಂದ ಎಂಜಿನಿಯರ್ ಪ್ಯಾಟರ್ಸನ್ ಅದನ್ನು ಪುಸ್ತಕವಾಗಿ ಬರೆದು ಹೆಸರು ಮಾಡಿದ. ಸತ್ತ ಕೂಲಿಗಳ ಹೆಸರು ಲೋಕಕ್ಕೆ ತಲುಪಲೇ ಇಲ್ಲ. ಕೀನ್ಯಾದ ಸಫಾರಿ ಬೆಳೆದದ್ದು ಅವರು ಹಾಕಿದ ಹಳಿಯ ಮೇಲೆ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅದೇ ರೈಲಿನಲ್ಲಿ ಬಂದು, ನೂರಾರು ಹೊರೆಯಾಳುಗಳ ದಂಡು ಕಟ್ಟಿಕೊಂಡು ಬೇಟೆಯಾಡಿದ. ಅವನೂ ಅವನ ಮಗನೂ ಹೊಡೆದುರುಳಿಸಿದ ಪ್ರಾಣಿಗಳು ಐನೂರಕ್ಕೂ ಹೆಚ್ಚು. ಶ್ರೀಮಂತರ ಕಣ್ಣಲ್ಲಿ ಸಫಾರಿಗೆ ಇಂಥದೊಂದು ರೂಪ ಬಂದದ್ದು ಆಗಲೇ.

ಬೇಟೆ ಹೆಚ್ಚಿದಂತೆ ಬೇಟೆಗಾರರಿಗೇ ಭಯ ಹುಟ್ಟಿತು. ದಕ್ಷಿಣ ಆಫ್ರಿಕದಲ್ಲಿ 1898ರಲ್ಲಿ ಮೀಸಲಿಟ್ಟ ಸಾಬಿ ಪ್ರದೇಶ 1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. ಮರು ವರ್ಷ ಅಲ್ಲಿಗೆ ಪ್ರವಾಸಿಗರನ್ನು ತಂದ ಕಾರುಗಳು ಬರೀ ಮೂರು. ಕೀನ್ಯಾದ ನೈರೋಬಿ ಉದ್ಯಾನ 1946ರಲ್ಲಿ, ತಾಂಜಾನಿಯಾದ ಸೆರೆಂಗೆಟಿ 1951ರಲ್ಲಿ ಆದವು. ಜರ್ಮನಿಯ ಬರ್ನಾರ್ಡ್ ಗ್ಜಿಮೆಕ್ ಮತ್ತು ಅವರ ಮಗ ಮಿಖಾಯೆಲ್, ಜೀಬ್ರಾದ ಪಟ್ಟೆ ಬಳಿದ ಸಣ್ಣ ವಿಮಾನದಲ್ಲಿ ಹಾರಿ ಸೆರೆಂಗೆಟಿಯ ಪ್ರಾಣಿಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ರಣಹದ್ದಿಗೆ ತಾಗಿ ಆ ವಿಮಾನ ಬಿದ್ದು ಮಿಖಾಯೆಲ್ ತೀರಿಕೊಂಡರು. ಅಪ್ಪ, ಮಗ ಸೇರಿ ತೆಗೆದ ಸೆರೆಂಗೆಟಿಯ ಚಲನಚಿತ್ರಕ್ಕೆ ಆಸ್ಕರ್ ಬಂತು, ಸೆರೆಂಗೆಟಿಯ ಹೆಸರು ಮನೆಮನೆಗೆ ತಲುಪಿತು. ಅದೇ ಹೊತ್ತಿಗೆ ಅಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು ಉದ್ಯಾನದಿಂದ ಹೊರಗೆ ಕಳಿಸಲಾಯಿತು. ಈ ಎರಡು ಸಂಗತಿಗಳನ್ನು ಬೇರ್ಪಡಿಸಿ ಹೇಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಕೀನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಅಲ್ಲಿಂದ ಮುಂದೆ ಆ ದೇಶದ ಸಫಾರಿಯೆಂದರೆ ಕ್ಯಾಮೆರಾ ಮಾತ್ರ.

ಸೆರೆಂಗೆಟಿಯ ಹಿಂಡುಗಳಿಗೂ ನಮ್ಮ ರೈತರ ಕೊಟ್ಟಿಗೆಗೂ ಒಂದು ಸಂಬಂಧವಿದೆ. ಕನ್ನಡ ನಾಡಿನ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ದನಗಳ ಬೇನೆ 1880ರ ದಶಕದ ಕೊನೆಗೆ ಆಫ್ರಿಕದ ಕೊಂಬನ್ನು ಹೊಕ್ಕು, ಹತ್ತು ವರ್ಷಗಳೊಳಗೆ ಖಂಡದ ತುದಿ ಮುಟ್ಟಿತು. ದನಗಳ ಜೊತೆಗೆ ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳೂ ಸತ್ತವು. 1960ರ ಸುಮಾರಿಗೆ ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡುಪ್ರಾಣಿಗಳಲ್ಲೂ ಬೇನೆ ತಾನಾಗಿ ನಿಂತಿತು. ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್ ಇಪ್ಪತ್ತು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ದಾಟಿತು. ಮಾರಾ ನದಿಯನ್ನು ಅವು ಹಿಂಡಾಗಿ ದಾಟುವುದನ್ನು ಜುಲೈನಿಂದ ಅಕ್ಟೋಬರ್‌ವರೆಗೆ ಜನ ಕಾದು ನಿಂತು ನೋಡುತ್ತಾರಲ್ಲ, ಅದರ ಹಿಂದೆ ಪಶುವೈದ್ಯರ ಸೂಜಿ ಇದೆ. ಪಶುವೈದ್ಯ ವಿಶ್ವವಿದ್ಯಾಲಯದ ಊರಾದ ಬೀದರಿನಲ್ಲಿ ಈ ಕತೆ ಎಲ್ಲರಿಗೂ ಗೊತ್ತಿರಬೇಕಾದ್ದು. ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು.

ಕನ್ನಡಿಗರಿಗೆ ಆಫ್ರಿಕ ಬಹಳ ಕಾಲ ದೂರವೇ ಇತ್ತು. ವರ್ಣಭೇದದ ಕಾರಣಕ್ಕೆ ಭಾರತ 1946ರಲ್ಲೇ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ಮುರಿದಿತ್ತು. 1993ರಲ್ಲಿ ರಾಜತಾಂತ್ರಿಕ ಸಂಬಂಧ ಮತ್ತೆ ಕುದುರುವವರೆಗೆ ಕ್ರೂಗರ್ ನೋಡುವ ಮಾತೇ ಇರಲಿಲ್ಲ. ಕರ್ನಾಟಕದೊಳಗೆ ಸಫಾರಿ ಬೆಳೆದದ್ದು ಕಬಿನಿಯಲ್ಲಿ. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಆರಂಭಿಸಿದ ಖೆಡ್ಡಾ, ಅಂದರೆ ಕಾಡಾನೆಗಳನ್ನು ಸುತ್ತುಗಟ್ಟಿ ಹಿಡಿಯುವ ಪದ್ಧತಿ, 1971ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಕೊನೆಗೊಂಡಿತು. ಕೆಲವೇ ವರ್ಷಗಳಲ್ಲಿ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನು ಮುಳುಗಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ನೂರಾರು ಸಂಖ್ಯೆಯಲ್ಲಿ ಸೇರತೊಡಗಿದವು. ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಕಟ್ಟಿತು. ಮಹಾರಾಜರ ಬೇಟೆಯ ಬಂಗಲೆಯೇ ಅತಿಥಿಗೃಹವಾಯಿತು. ಬಹುಕಾಲ ಅದನ್ನು ನಡೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ತಾವೇ ಹಿಂದೆ ಬೇಟೆಗಾರರಾಗಿದ್ದವರು. ಹುಲಿ ಮೀಸಲುಗಳ ನಡುಭಾಗದಲ್ಲಿ ಪ್ರವಾಸಕ್ಕೆ ಶೇಕಡ 20ಕ್ಕಿಂತ ಹೆಚ್ಚು ಜಾಗ ಬಳಸಬಾರದೆಂಬ ನಿಯಮ 2012ರಲ್ಲಿ, ಸುಪ್ರೀಂ ಕೋರ್ಟಿನ ಮುಂದಿದ್ದ ಮೊಕದ್ದಮೆಯ ಫಲವಾಗಿ ಬಂತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ, ಭಾಲ್ಕಿಯವರೇ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ಹಚ್ಚಲು ಆದೇಶಿಸಿದರು.

ಬೀದರಿನಿಂದ ಆಫ್ರಿಕಕ್ಕೆ ಹೋಗಬೇಕೆಂದವರಿಗೆ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ. ನೈರೋಬಿಗೆ ನೇರ ವಿಮಾನ ಮುಂಬಯಿಯಿಂದ ಇದೆ. ಕೀನ್ಯಾಕ್ಕೆ ಹೋಗಿ ಬರುವವರು ಹೊರಡುವ ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ತೆಗೆದುಕೊಂಡು ಅದರ ಕಾರ್ಡು ಜೊತೆಗಿಟ್ಟುಕೊಳ್ಳಬೇಕು. ಕಾರ್ಡಿಲ್ಲದೆ ಮರಳಿದವರನ್ನು ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಸರ್ಕಾರಕ್ಕಿದೆ. ಊಟದ ಚಿಂತೆ ಬೇಡ. ರೈಲು ಹಾದಿಯ ಕಾಲದಲ್ಲಿ ಹೋಗಿ ನೆಲೆಸಿದ ಭಾರತೀಯರಿಂದಾಗಿ ಚಪಾತಿ, ಸಮೋಸಾ, ಹಾಲು ಹಾಕಿದ ಚಹಾ ಕೀನ್ಯಾದ ಮನೆಗಳ ಅಡುಗೆಯೇ ಆಗಿಬಿಟ್ಟಿವೆ.

ಅಷ್ಟು ದೂರ ಹೋಗುವ ಮೊದಲು ಬೀದರಿನವರು ನೋಡಬೇಕಾದದ್ದು ವಿಲಾಸಪುರ ಕೆರೆಯ ಸುತ್ತಲಿನ ಬಯಲು. ಕೆರೆಯ ಪಕ್ಕ ಜಂಗಲ್ ಲಾಡ್ಜಸ್‌ನ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ, ಬೆಳಿಗ್ಗೆ ಅಲ್ಲಿಂದ ಜೀಪಿನಲ್ಲಿ ಕರೆದೊಯ್ಯುತ್ತಾರೆ. ಕೆಂಪು ಮುರಕಲ್ಲಿನ ನೆಲ, ಮೊಣಕಾಲೆತ್ತರದ ಹುಲ್ಲು. ವಯಸ್ಸಿಗೆ ಬಂದ ಗಂಡು ಕೃಷ್ಣಮೃಗದ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿಯ ಉಂಗುರ, ಕೊಂಬು ತಿರುಚಿಕೊಂಡು ಮೇಲೇರಿದೆ. ಅದು ತನ್ನ ಸೀಮೆಯನ್ನು ಹಿಕ್ಕೆಯ ಗುಡ್ಡೆಗಳಿಂದ ಗುರುತು ಮಾಡುತ್ತದೆ. ದಿನವೂ ಅದೇ ಗುಡ್ಡೆಗೆ ಬಂದು ನಿಲ್ಲುತ್ತದೆ, ಇನ್ನೊಂದು ಗಂಡು ಹತ್ತಿರ ಬಂದರೆ ಕತ್ತು ಹಿಂದಕ್ಕೆ ಬಾಗಿಸಿ, ಕೊಂಬನ್ನು ಬೆನ್ನಿಗೆ ತಾಗಿಸಿಕೊಂಡು ನಡೆದುಬರುತ್ತದೆ. ಹೆಣ್ಣುಗಳು ಬೆದರಿದರೆ ಮೊದಲು ಒಂದು ನೆಗೆಯುತ್ತದೆ, ಅದರ ಹಿಂದೆ ಉಳಿದವೆಲ್ಲ ನೆಗೆಯುತ್ತವೆ. ಸೆರೆಂಗೆಟಿಯ ಥಾಮ್ಸನ್ ಗೆಜೆಲ್ ಈ ಮೃಗದ ಹತ್ತಿರದ ಬಂಧು. ಎರಡೂ ಬಾಳುವುದು ಒಂದೇ ಬಗೆಯ ನೆಲದಲ್ಲಿ: ಮರ ವಿರಳ, ಹುಲ್ಲು ಹೆಚ್ಚು, ನೋಟಕ್ಕೆ ಅಡ್ಡಿಯಿಲ್ಲ. ಅಲ್ಲಿ ಆ ನೆಲಕ್ಕೆ ಯುನೆಸ್ಕೊ ಮನ್ನಣೆ ಇದೆ. ಇಂಥ ಬಯಲುಗಳನ್ನು ನಮ್ಮ ದೇಶದ ದಾಖಲೆಗಳು ಬಹುಮಟ್ಟಿಗೆ ಪಾಳು ಭೂಮಿಯ ಲೆಕ್ಕಕ್ಕೆ ಹಾಕುತ್ತ ಬಂದಿವೆ. ಹಸಿರು ಮಾಡುತ್ತೇವೆಂದು ಅಲ್ಲಿ ಸಾಲಾಗಿ ಗಿಡ ನೆಟ್ಟರೆ ಕೃಷ್ಣಮೃಗಕ್ಕೆ ಅದು ಕಾಡಾಗುವುದಿಲ್ಲ. ದೂರ ಕಾಣುವ ಕಣ್ಣು, ಬಯಲಲ್ಲಿ ಓಡುವ ಕಾಲು ಎರಡೂ ಅಲ್ಲಿ ಕೆಲಸಕ್ಕೆ ಬಾರವು.

ಹುಲ್ಲು ಕಡಿಮೆಯಾದಾಗ ಈ ಮೃಗ ಹೊಲಕ್ಕೆ ಇಳಿಯುತ್ತದೆ. ಮುಂಗಾರಿಗೆ ಮೊಳೆತ ಹೆಸರು, ಉದ್ದು, ಸೋಯಾದ ಎಳೆ ಗಿಡಗಳನ್ನು ಮೇಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ರೈತ ಅದರ ಮೇಲೆ ಕೈ ಮಾಡುವಂತಿಲ್ಲ. ಬೆಳೆ ಹೋದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರಕ್ಕೆ ಕಾಯಬೇಕು. ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶದ ಅಂಚಿನಲ್ಲಿ ಕಳೆದ ಎರಡು ದಶಕಗಳಿಂದ ಬೇರೊಂದು ವ್ಯವಸ್ಥೆ ನಡೆದಿದೆ. ಅಲ್ಲಿಯ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಪ್ರಾಣಿಗಳಿಗಾಗಿ ಬೇಲಿಯಿಲ್ಲದೆ ಬಿಡುತ್ತವೆ. ಸಫಾರಿ ಶಿಬಿರಗಳು ಅದಕ್ಕೆ ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತವೆ, ಮಳೆ ಬಂದರೂ ಬಾರದಿದ್ದರೂ ಆ ಹಣ ಮನೆಗೆ ಬರುತ್ತದೆ. ಹೊನ್ನಿಕೇರಿ, ವಿಲಾಸಪುರದ ಸುತ್ತ ಹೊಲವಿರುವ ರೈತನಿಗೂ ಜಿಂಕೆ ಮೇಯ್ದ ಮೇಲೆ ಸಿಗುವ ಪರಿಹಾರವೊಂದೇ ಸಾಲದು. ಬಯಲನ್ನು ಬಯಲಾಗಿ ಬಿಟ್ಟಿದ್ದಕ್ಕೆ ವರ್ಷಾವರ್ಷ ಬಾಡಿಗೆ ಸಿಗಬೇಕು, ಮತ್ತು ಅದರ ಮೊದಲ ಕಂತು ಬಿತ್ತನೆಗೆ ಮುಂಚೆಯೇ ಅವನ ಕೈಸೇರಬೇಕು.