ಕೆಂಪು ಹಸುರುಗಳ ಪರೀಕ್ಷೆ

ಚನ್ನಪಟ್ಟಣದ ಬೊಂಬೆಯಂಗಡಿಯಲ್ಲಿ ಮಗಳ ಮಗನಿಗೆಂದು ಅರಗಿನ ಬಣ್ಣದ ವಿಮಾನವೊಂದನ್ನು ಆರಿಸಿದೆ. “ತಾತ, ನಾನು ಕೇಳಿದ್ದು ಕೆಂಪು, ಇದು ಹಸುರು!” ಎಂದು ಹುಡುಗ ನಕ್ಕ. ನಾನೂ ನಕ್ಕೆ. ಜಕ್ಕೂರಿನ ಮೇಲೆ ಹಾರುವ ವಿಮಾನಗಳನ್ನು ಕಂಡು ಆಸೆಪಟ್ಟಿದ್ದ ನನಗೆ ಹರೆಯದಲ್ಲಿ ವೈದ್ಯರ ಅರ್ಹತಾಪತ್ರ ತಪ್ಪಿದ್ದು ಇದೇ ಕಣ್ಣಿನ ದೆಸೆಯಿಂದ.

ಈ ಪರೀಕ್ಷೆ ಹುಟ್ಟಿದ್ದು ವಿಮಾನಕ್ಕಾಗಿ ಅಲ್ಲ, ರೈಲಿಗಾಗಿ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡದಲ್ಲಿ ಎರಡು ರೈಲುಗಳು ಢಿಕ್ಕಿ ಹೊಡೆದವು. ಬಣ್ಣಗುರುಡೇ ಕಾರಣವಿರಬೇಕೆಂದು ಶಂಕಿಸಿದ ಹೋಲ್ಮ್‌ಗ್ರೆನ್ ಎಂಬ ವಿಜ್ಞಾನಿ, ಬಣ್ಣದ ಉಣ್ಣೆಯೆಳೆಗಳನ್ನು ಮುಂದಿಟ್ಟು ರೈಲು ನೌಕರರ ಕಣ್ಣನ್ನು ಪರೀಕ್ಷಿಸಿದ. ರಾಮನಗರದವನಾಗಿದ್ದರೆ ರೇಷ್ಮೆಯನ್ನೇ ಹಿಡಿಯುತ್ತಿದ್ದನೇನೋ! 1917ರಲ್ಲಿ ಜಪಾನಿನ ಇಷಿಹಾರ, ಬಣ್ಣದ ಚುಕ್ಕೆಗಳ ನಡುವೆ ಅಂಕಿಗಳನ್ನು ಅಡಗಿಸಿಟ್ಟ ಪುಸ್ತಕವನ್ನು ತಂದ. 1919ರ ಪ್ಯಾರಿಸ್ ಒಪ್ಪಂದ ಜನರನ್ನು ಸಾಗಿಸುವ ವಿಮಾನಚಾಲಕರಿಗೆ ವೈದ್ಯಪರೀಕ್ಷೆಯನ್ನು ವಿಧಿಸಿತು. ಇಂದು ನಮ್ಮ ದೇಶದಲ್ಲಿ ಖಾಸಗಿ ಚಾಲಕನಿಗೂ ಎರಡನೆಯ ವರ್ಗದ ವೈದ್ಯಪತ್ರ ಬೇಕು.

ರೇಡಿಯೊ ಕೆಟ್ಟಾಗ ನಿಲ್ದಾಣದ ಗೋಪುರ ತೋರಿಸುವುದು ದೀಪವನ್ನು: ಹಸುರಾದರೆ ಇಳಿ, ಕೆಂಪಾದರೆ ಸುತ್ತುತ್ತಿರು. ಅಂದು ಅವಮಾನವೆನಿಸಿದ್ದು ಇಂದು ನ್ಯಾಯವೆನಿಸುತ್ತದೆ. ಮಾಗಡಿ, ಕನಕಪುರಗಳ ಮೇಲೆ ಹಾರುವವನ ಕಣ್ಣಲ್ಲಿ ಕೆಳಗಿನವರ ಪ್ರಾಣವೂ ಇದೆ.

ಈ ಕುರುಡು ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಇಳಿಯುವುದುಂಟು. ಹುಡುಗ ಕೆಂಪು ವಿಮಾನವನ್ನು ತಾನೇ ಹುಡುಕಿ ತೆಗೆದ. ನಾನು ಕಾಸು ಕೊಟ್ಟೆ.