ಡೆಕ್ಕು ತಿಂದ ಕಲ್ಲು

ನಾವೊಮ್ಮೆ ಕುಟುಂಬ ಸಮೇತ ಎಲಿಫೆಂಟಾಕ್ಕೆ ಹೊರಟಿದ್ದೆವು. ನುಣ್ಣಗೆ ಬಣ್ಣ ಬಳಿದ ಲಾಂಚಿನ ಹಲಗೆಯ ಮೇಲೆ ಅಲೆಯ ನೀರು ಸಿಡಿದಿತ್ತು. ಬುತ್ತಿಯ ಡಬ್ಬಿಯೊಡನೆ ಅಂಗಾತ ಬಿದ್ದೆವು. ಎದ್ದು ಸೊಂಟ ನೀವಿಕೊಳ್ಳುವಾಗ ಹೊಳೆಯಿತು: ಒದ್ದೆ ಡೆಕ್ಕಿನ ಮೇಲೆ ತಿಂಗಳುಗಟ್ಟಲೆ ಬರಿಗಾಲಲ್ಲಿ ಓಡಾಡಿದ ಹಿಂದಿನ ನಾವಿಕರು ಜಾರದೆ ನಿಂತದ್ದು ಹೇಗೆ?

ಉತ್ತರದ ಒಂದು ತುದಿ ಮುಂಬಯಿಯಲ್ಲೇ ಇದೆ. ಸೂರತ್ತಿನ ಲವ್‌ಜಿ ವಾಡಿಯಾ 1736ರಲ್ಲಿ ಇಲ್ಲಿಗೆ ಬಂದ ಮೇಲೆ ಆ ಮನೆತನ ತಲೆತಲಾಂತರ ತೇಗದ ಹಡಗು ಕಟ್ಟಿತು. ಬ್ರಿಟಿಷ್ ನೌಕಾಪಡೆಯ 'ಟ್ರಿಂಕೋಮಲಿ' 1817ರ ಅಕ್ಟೋಬರ್ 12ರಂದು ನೀರಿಗಿಳಿದದ್ದು ಇಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಕಂಪನಿಯ ವಶವಾದ ಮೇಲೆ ನಮ್ಮ ಕಡೆಯ ತೇಗವೂ ಈ ಕಟ್ಟೆಗೆ ಬಂತು.

ತೇಗದಲ್ಲಿ ಸಹಜವಾದ ಎಣ್ಣೆಯಿದೆ, ಬೇಗ ಕೊಳೆಯದು. ಆದ್ದರಿಂದ ಡೆಕ್ಕಿಗೆ ಬಣ್ಣವಾಗಲಿ ವಾರ್ನಿಶ್ಶಾಗಲಿ ಬೇಕಿಲ್ಲ. ಬರಿಯ ಮರದ ತರಿಯೇ ಪಾದವನ್ನು ಹಿಡಿಯುತ್ತದೆ. ಕಾಲೇಜಿನಲ್ಲಿ ಘರ್ಷಣೆಯ ಪಾಠವನ್ನು ಗಿಳಿಪಾಠ ಮಾಡಿದ್ದ ನಮಗೆ, ಅದರ ಅರ್ಥ ಲಾಂಚಿನಲ್ಲಿ ಬಿದ್ದಾಗ ಆಯಿತೆನ್ನಬೇಕು. ನುಣುಪು ನೆಲದ ಮೇಲೆ ನೀರು ಪೊರೆಯಾಗಿ ಪಾದವನ್ನು ತೇಲಿಸುತ್ತದೆ. ತರಿಯಿದ್ದರೆ ಪೊರೆ ಒಡೆಯುತ್ತದೆ.

ಆದರೆ ಜಿಡ್ಡು, ಡಾಂಬರು ಬಿದ್ದರೆ ತರಿ ಮುಚ್ಚಿಹೋಗುತ್ತದೆ. ಅದಕ್ಕೇ ಬೆಳಗಿನ ಜಾವ ಡೆಕ್ಕಿಗೆ ಮರಳು ಚೆಲ್ಲಿ, ಸಮುದ್ರದ ನೀರು ಹೊಯ್ದು, ನಾವಿಕರು ಮರಳುಗಲ್ಲಿನಿಂದ ಉಜ್ಜುತ್ತಿದ್ದರು. ಮೊಣಕಾಲೂರಿ ಮಾಡುವ ಈ ಕೆಲಸ ಪ್ರಾರ್ಥನೆಯಂತೆ ಕಾಣುತ್ತಿದ್ದುದರಿಂದಲೋ ಏನೋ, ಕಲ್ಲಿಗೆ 'ಹೋಲಿಸ್ಟೋನ್', ಪವಿತ್ರಶಿಲೆ, ಎಂದು ಹೆಸರು. ದೊಡ್ಡ ಕಲ್ಲು 'ಬೈಬಲ್', ಮೂಲೆಗೆ ಬಳಸುವ ಸಣ್ಣದು 'ಪ್ರೇಯರ್ ಬುಕ್'! ಚಳಿನಾಡಿನ ಕಡಲಲ್ಲಿ ಆ ಮೊಣಕಾಲುಗಳ ಗತಿ ಏನಾಗಿತ್ತೋ. ಉಪ್ಪುನೀರಿನಿಂದ ಇನ್ನೊಂದು ಉಪಕಾರವೂ ಇತ್ತು. ಬಿಸಿಲಿಗೆ ಹಲಗೆ ಕುಗ್ಗಿ, ನಾರು ತುರುಕಿ ರಾಳ ಸುರಿದ ಸಂದುಗಳು ಬಾಯಿಬಿಡದಂತೆ ಮರ ಉಬ್ಬಿಕೊಂಡಿರುತ್ತಿತ್ತು.

ಕಲ್ಲು ಕೊಳೆಯ ಜೊತೆಗೆ ಮರವನ್ನೂ ತಿಂದಿತು. ಅಧಿಕಾರಿಗಳಿಗೆ ಡೆಕ್ಕು ಬೆಳ್ಳಗೆ ಹೊಳೆಯಬೇಕೆಂಬ ಹುಚ್ಚು. ಹಲಗೆಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾದವು. ಕೊನೆಗೆ 1931ರಲ್ಲಿ ಅಮೆರಿಕದ ನೌಕಾಪಡೆ, ಸವೆದ ಡೆಕ್ಕಿನ ದುರಸ್ತಿಗೆ ಹಣ ಸಾಲದೆಂದು ಈ ಕಲ್ಲಿನ ಬಳಕೆಗೆ ಕಡಿವಾಣ ಹಾಕಿತು. ಶತಮಾನಗಳ ಮೊಣಕಾಲು ನೋವಿಗೆ ಬಾರದ ಕರುಣೆ ಲೆಕ್ಕಪತ್ರ ನೋಡಿ ಬಂತು. ಸರಕಾರಿ ಕಡತ ನೋಡಿ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಕಬ್ಬಿಣದ ಡೆಕ್ಕಿಗೆ ಉಬ್ಬುಗೆರೆಯ ತಗಡು, ಮರಳು ಬೆರೆಸಿದ ಬಣ್ಣ ಬಂದವು. ಫೈಬರ್ ಗ್ಲಾಸಿನಲ್ಲಿ ಅಚ್ಚಿನಲ್ಲೇ ತರಿ ಮೂಡಿಸಿದರು. ರೋಗ ಮಾತ್ರ ಹಳೆಯದೇ. ತಂತಿ ಬ್ರಷ್ಷಿನಿಂದ ಕೆರೆದರೆ ತರಿ ಸವೆಯುತ್ತದೆ. ಹಳೆಯದನ್ನು ಕೆರೆಯದೆ ಬಣ್ಣದ ಮೇಲೆ ಬಣ್ಣ ಬಳಿದರೆ ಹೂತುಹೋಗುತ್ತದೆ. ನಮ್ಮನ್ನು ಕೆಡವಿದ್ದು ಈ ಎರಡನೆಯದೇ ಇರಬೇಕು. ತೇಗಕ್ಕಾದರೆ ಮೆದು ಬ್ರಷ್ಷು, ಸೌಮ್ಯ ಸಾಬೂನು ಸಾಕು; ಮರದ ಎಳೆಗೆ ಅಡ್ಡಲಾಗಿ ತಿಕ್ಕಬೇಕು, ಎಳೆಯುದ್ದಕ್ಕೆ ತಿಕ್ಕಿದರೆ ಮೆದುಭಾಗ ಕಿತ್ತುಬರುತ್ತದೆ.

'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ 1990ರಿಂದ 2001ರವರೆಗೆ ಜೀರ್ಣೋದ್ಧಾರಗೊಂಡು ಇಂದಿಗೂ ತೇಲುತ್ತಿದೆ. ಈಗ ಅದರ ಡೆಕ್ಕನ್ನು ಸವೆಸುತ್ತಿರುವುದು ಟಿಕೆಟು ಕೊಂಡು ಬರುವವರ ಬೂಟುಗಳು.