ಬಳ್ಳಿಗಾವೆಯ ವಾದವೂ ಅಲ್ಲಮಪ್ರಭುವಿನ ವಿಚಾರಣೆಯೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಇಂದು ಒಕ್ಕಲುಮಕ್ಕಳ ಒಂದು ಗ್ರಾಮ. ಒಂದು ಕಾಲಕ್ಕೆ ಅದು ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿನ ಕೆರೆಯ ದಡದಲ್ಲಿ ಕೇದಾರೇಶ್ವರ ದೇವಾಲಯವು ಇಂದಿಗೂ ನಿಂತಿದೆ. ಕೆರೆಯ ಕೋಡಿಯ ಸಮೀಪದಲ್ಲಿದ್ದ ಕಾರಣ ಆ ದೇವಾಲಯಕ್ಕೆ ಸೇರಿದ ಮಠಕ್ಕೆ ಕೋಡಿಯ ಮಠವೆಂಬ ಹೆಸರು ಬಂದಿತು. ಮಠದ ಆಚಾರ್ಯರು ಕಾಳಾಮುಖ ಶೈವರು. ಇಂತಹ ಕಾಳಾಮುಖ ಮಠಗಳಲ್ಲಿ ಅನೇಕವು ಮುಂದೆ ವೀರಶೈವ ಮಠಗಳಾಗಿ ಪರಿವರ್ತನೆ ಹೊಂದಿದುವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆದುದರಿಂದ ಈ ಮಠದ ಶಾಸನಗಳನ್ನು ಓದುವ ವೀರಶೈವನು ಪರರ ಮನೆಯ ಕಡತವನ್ನು ಓದುತ್ತಿರುವುದಿಲ್ಲ. ತನ್ನ ಹಿರಿಯರ ದಾಖಲೆಯನ್ನೇ ಓದುತ್ತಿರುತ್ತಾನೆ.

ಕ್ರಿ.ಶ. ೧೧೬೨ರ ಶಾಸನವು ಕಳಚುರಿ ಬಿಜ್ಜಳನ ಕಾಲದ್ದು. ಬಸವಣ್ಣನವರು ಕಲ್ಯಾಣದಲ್ಲಿದ್ದುದು ಇದೇ ಅರಸನ ಆಳ್ವಿಕೆಯಲ್ಲಿ. ಕೋಡಿಯ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಈ ಶಾಸನವು ಬಹು ವಿಸ್ತಾರವಾಗಿ ವರ್ಣಿಸಿದೆ. ನಾಲ್ಕು ವೇದಗಳು, ಪಾಣಿನಿಯೇ ಮೊದಲಾದವರ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಯೋಗ, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅದು ವ್ಯಾಖ್ಯಾನದ ಸ್ಥಾನವಾಗಿತ್ತು. ಗಮನಿಸಬೇಕಾದ ಮಾತೆಂದರೆ, ದರ್ಶನಗಳ ಆ ಪಟ್ಟಿಯಲ್ಲಿ ಬೌದ್ಧಮತವೂ ಸೇರಿದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಏಕದಂಡಿ ತ್ರಿದಂಡಿಗಳಂತೆಯೇ ಕ್ಷಪಣಕರಿಗೂ, ಎಂದರೆ ಜೈನ ಯತಿಗಳಿಗೂ, ಆ ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದರು.

ಇಷ್ಟನ್ನೇ ಹೇಳಿ ಸರ್ವಧರ್ಮ ಸಮನ್ವಯವೆಂದು ಕೊಂಡಾಡಿ ಲೇಖನ ಮುಗಿಸುವುದು ಸುಲಭ. ಹಾಗೆ ಮುಗಿಸಿದ ಲೇಖನಗಳೂ ಕಡಿಮೆಯಿಲ್ಲ. ಆದರೆ ಅದೇ ಊರಿನಲ್ಲಿ, ಸುಮಾರು ಕ್ರಿ.ಶ. ೧೦೩೬ರ ಮತ್ತೊಂದು ಶಾಸನವಿದೆ. ಪಂಚಲಿಂಗ ದೇವಾಲಯದ ಸ್ಥಾನಾಚಾರ್ಯರಾದ ಲಾಕುಳೀಶ್ವರ ಪಂಡಿತರಿಗೆ ಚಾಲುಕ್ಯ ಜಯಸಿಂಹನು ನೀಡಿದ ದಾನವನ್ನು ಹೇಳುವ ಆ ಶಾಸನವು ಪಂಡಿತರನ್ನು ಬೌದ್ಧರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದೂ, ಮೀಮಾಂಸಕರೆಂಬ ಬೆಟ್ಟಕ್ಕೆ ಸಿಡಿಲೆಂದೂ, ಲೋಕಾಯತರೆಂಬ ಮರಕ್ಕೆ ಗರಗಸವೆಂದೂ ಹೊಗಳುತ್ತದೆ. ಇವು ಸಮನ್ವಯದ ಮಾತುಗಳಲ್ಲ, ಗೆದ್ದವರ ಬಿರುದುಗಳು.

ಈ ಎರಡು ಶಾಸನಗಳು ಪರಸ್ಪರ ವಿರುದ್ಧವೆಂದು ತೋರಬಹುದು. ಪ್ರಾಚೀನ ವಾದಪದ್ಧತಿಯನ್ನು ಬಲ್ಲವರಿಗೆ ಹಾಗೆ ತೋರಲಾರದು. ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವಿರಬೇಕು. ಆ ಪೂರ್ವಪಕ್ಷವನ್ನು ಎದುರಾಳಿಯು ಹೌದೆಂದು ಒಪ್ಪುವಂತೆ ಮಂಡಿಸಬೇಕು. ಬೌದ್ಧನನ್ನು ಗೆಲ್ಲಬೇಕಾದ ಕಾಳಾಮುಖನು ಬೌದ್ಧಗ್ರಂಥಗಳನ್ನು ಓದದೆ ಗತಿಯಿರಲಿಲ್ಲ. ಹಾಗೆ ಓದಿದಾಗ ತನ್ನ ಮತದ ದುರ್ಬಲ ಸ್ಥಾನಗಳು ಮೊದಲು ಅವನಿಗೇ ಕಾಣಿಸುತ್ತಿದ್ದುವು. ಇದಲ್ಲದೆ, ವಾದದ ಎದುರಾಳಿ ದೂರದೇಶದವನಾಗಿರಲಿಲ್ಲ. ಕ್ರಿ.ಶ. ೧೦೬೫ರ ಸುಮಾರಿನಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿಯು ಬಳ್ಳಿಗಾವೆಯಲ್ಲಿಯೇ ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದನು. ೧೦೬೮ರಲ್ಲಿ, ‘ಸುಕುಮಾರ ಚರಿತೆ’ಯ ಕರ್ತೃವಾದ ಜೈನಕವಿ ಶಾಂತಿನಾಥನ ಬಿನ್ನಹದಂತೆ, ಮರದ ಬಸದಿಯೊಂದು ಕಲ್ಲಿನ ಶಾಂತಿನಾಥ ಬಸದಿಯಾಯಿತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಊರಿನಲ್ಲಿದ್ದುವೆಂದು ಶಾಸನಗಳು ಹೇಳುತ್ತವೆ. ಬೆಳಗ್ಗೆ ವಾದದಲ್ಲಿ ಎದುರಾದವನೇ ಸಂಜೆ ಕೆರೆಯ ಏರಿಯ ಮೇಲೆ ಎದುರಾಗುತ್ತಿದ್ದ.

ನೆರೆಯ ಸೊರಬದಲ್ಲಿಯೂ ಇಂತಹ ನಿದರ್ಶನವಿದೆ. ಕುಪ್ಪಟೂರು ಬ್ರಾಹ್ಮಣರ ಅಗ್ರಹಾರವಾಗಿತ್ತು. ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಕ್ರಿ.ಶ. ೧೦೭೭ರ ಸುಮಾರಿನಲ್ಲಿ ಅಲ್ಲಿ ಪಾರ್ಶ್ವದೇವರ ಚೈತ್ಯಾಲಯವನ್ನು ಮಾಡಿಸಿ, ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಡಿಸಿದಳು. ರಾಣಿಯ ಜಾಣ್ಮೆ ಇದರಲ್ಲಿ ಎಷ್ಟು, ಅಗ್ರಹಾರದವರ ಔದಾರ್ಯ ಎಷ್ಟು ಎಂಬುದನ್ನು ಅಳೆಯುವುದು ಕಷ್ಟ. ಹೆಸರಂತೂ ಕಲ್ಲಿನಲ್ಲಿ ಉಳಿದಿದೆ.

ಅಲ್ಲಮಪ್ರಭು ಇಂತಹ ಬಳ್ಳಿಗಾವೆಯವನೆಂದು ಹರಿಹರನ ‘ಪ್ರಭುದೇವರ ರಗಳೆ’ ಹೇಳುತ್ತದೆ. ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದವನು, ಪ್ರಿಯಪತ್ನಿ ಕಮಲತೆಯನ್ನು ಕಳೆದುಕೊಂಡು ಅಲೆದು, ಅನಿಮಿಷನಿಂದ ಲಿಂಗವನ್ನು ಪಡೆದವನು. ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಕಥೆಯನ್ನು ಬನವಾಸಿಗೆ ಒಯ್ದು ಬೇರೆಯದೇ ಅರ್ಥವನ್ನು ಕೊಟ್ಟಿದ್ದಾನೆ. ಇವು ಭಕ್ತಿಕಾವ್ಯಗಳು, ಶಾಸನಗಳ ಪ್ರಾಮಾಣ್ಯವನ್ನು ಇವುಗಳಿಂದ ನಿರೀಕ್ಷಿಸಲಾಗದು. ಆದರೂ ಪ್ರಭುವಿನ ಮಾತಿನ ಧಾಟಿಯನ್ನು ಕೇಳಿದವರಿಗೆ ಅದು ವಾದಿಗಳ ಊರಿನಿಂದ ಬಂದ ಮಾತೆಂಬುದರಲ್ಲಿ ಆಶ್ಚರ್ಯವೆನಿಸದು. ಭೇದವಿರುವುದು ವಾದದ ಗುರಿಯಲ್ಲಿ. ಲಾಕುಳೀಶ್ವರ ಪಂಡಿತರ ಸಿಡಿಲು ಪರಮತದ ಬೆಟ್ಟದ ಮೇಲೆ ಎರಗಿದರೆ, ಪ್ರಭುವಿನ ಪ್ರಶ್ನೆಯು ಶರಣರ ಮೇಲೆಯೇ ಎರಗಿತು.

‘ಶೂನ್ಯಸಂಪಾದನೆ’ಯು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ವಚನಗಳನ್ನು ಸಂವಾದವಾಗಿ ಜೋಡಿಸಿದ ಗ್ರಂಥ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿಗಳನ್ನು ಎತ್ತಿಸುತ್ತಿದ್ದ ಸಿದ್ಧರಾಮನನ್ನು ಪ್ರಭು ಅಲ್ಲಿ ಒಡ್ಡನೆಂದು ಕರೆಯುತ್ತಾನೆ. ಪುಣ್ಯಕಾರ್ಯವು ಅಹಂಕಾರಕ್ಕೆ ಕಟ್ಟಿದ ಒಡ್ಡಾಗಿಲ್ಲವಷ್ಟೆ ಎಂಬುದು ಆ ಮಾತಿನ ಒಳದನಿ. ಇದೇ ಶಿಕಾರಿಪುರ ಸೀಮೆಯ ಉಡುತಡಿಯಿಂದ ಹೊರಟು ಕಲ್ಯಾಣವನ್ನು ಸೇರಿದ ಮಹಾದೇವಿಯಕ್ಕನ ವೈರಾಗ್ಯವನ್ನೂ ಅವನು ಪರೀಕ್ಷಿಸದೆ ಬಿಡುವುದಿಲ್ಲ; ಆಕೆಯ ಉತ್ತರಕ್ಕೆ ತಲೆಬಾಗಲೂ ಹಿಂಜರಿಯುವುದಿಲ್ಲ. ಎಲ್ಲಕ್ಕಿಂತ ತೀಕ್ಷ್ಣವಾದುದು ಮಹಾಮನೆಯ ಬಾಗಿಲಿನ ಪ್ರಸಂಗ. ಪ್ರಭುವೂ ಸಿದ್ಧರಾಮನೂ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದು, ಬಂದವರನ್ನು ಕರೆತರಲು ಅಪ್ಪಣ್ಣನನ್ನು ಕಳುಹಿಸುತ್ತಾರೆ. ಪ್ರಭು ಒಳಗೆ ಬರುವುದಿಲ್ಲ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗಿನ ಪೂಜೆಗೆ ಏನರ್ಥವೆಂದು ಚೆನ್ನಬಸವಣ್ಣನು ಸೋದರಮಾವನಿಗೇ ತಿಳಿಸಿ ಹೇಳಬೇಕಾಗುತ್ತದೆ. ಬಸವಣ್ಣನವರು ಎದ್ದು ಬರುತ್ತಾರೆ. ತನ್ನ ಮತದ ಮೂಲಪುರುಷನ ಪೂಜೆಯನ್ನೇ ಪ್ರಶ್ನೆಗೆ ಒಡ್ಡಿದ ಕಥೆಯನ್ನು ಮರೆಮಾಚದೆ ತನ್ನ ಪವಿತ್ರಗ್ರಂಥದಲ್ಲಿ ಇರಿಸಿಕೊಂಡ ಸಮಾಜಕ್ಕೆ ಆತ್ಮಪರೀಕ್ಷೆ ಹೊಸದೆನ್ನಲಾಗದು.

ಹಾಗೆಂದು ಇತಿಹಾಸದಲ್ಲೆಲ್ಲ ಈ ಎಚ್ಚರವೇ ಇತ್ತೆನ್ನುವಂತೆಯೂ ಇಲ್ಲ. ಶಿಕಾರಿಪುರದ ನೆರೆಯ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ, ಕಾಲ ಕ್ರಿ.ಶ. ೧೨೦೦ರ ಸುಮಾರು. ಜೈನರೊಡನೆ ಪಣವೊಡ್ಡಿ, ಓಲೆಯಲ್ಲಿ ಒಪ್ಪಂದ ಬರೆಯಿಸಿಕೊಂಡು, ರಾಮಯ್ಯನು ತನ್ನ ಶಿರಸ್ಸನ್ನು ಅರಿದು ಶಿವನಿಗೆ ಅರ್ಪಿಸಿ ಮತ್ತೆ ಪಡೆದನೆಂದೂ, ಜೈನರು ಮಾತಿಗೆ ತಪ್ಪಲು ಬಸದಿಯ ಜಿನಬಿಂಬವನ್ನು ಒಡೆದನೆಂದೂ, ದೂರು ಬಿಜ್ಜಳನವರೆಗೆ ಹೋಗಿ ರಾಮಯ್ಯನಿಗೇ ಜಯಪತ್ರ ದೊರೆಯಿತೆಂದೂ ಅದು ಹೇಳುತ್ತದೆ. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಈ ಸಂಗತಿಯನ್ನು ಶಿಲ್ಪವಾಗಿಯೂ ಕಂಡರಿಸಿದ್ದಾರೆ. ರಾಮಯ್ಯನ ನಿಷ್ಠೆಯನ್ನು ಭಕ್ತರು ಪೂಜಿಸುವುದು ಸಹಜ. ಆದರೆ ಶಾಸನವನ್ನು ಗೆದ್ದವರೇ ಬರೆಯಿಸಿದರೆಂಬುದನ್ನೂ, ಒಡೆದುದು ಇನ್ನೊಬ್ಬರು ನಿತ್ಯ ಕೈಮುಗಿಯುತ್ತಿದ್ದ ಬಿಂಬವೆಂಬುದನ್ನೂ ಮರೆತು ಈ ಕಥೆಯನ್ನು ಹೇಳುವುದು ಸಲ್ಲದು. ಮಠದ ವಾದದಲ್ಲಿ ಸೋತವನು ಮನೆಗೆ ಹೋಗಿ ಮತ್ತೆ ಓದಿಕೊಂಡು ಬರಬಹುದಾಗಿತ್ತು. ಅಬ್ಬಲೂರಿನ ಪಣದಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಈ ಎರಡು ಸಮಾಜಗಳ ನಡುವೆಯೇ ನಾಲ್ಕು ಶತಮಾನಗಳ ತರುವಾಯ ಎದ್ದ ಮತ್ತೊಂದು ವ್ಯಾಜ್ಯವು ಬೇರೆ ರೀತಿಯಲ್ಲಿ ಮುಗಿಯಿತು. ಅದು ಹಳೇಬೀಡಿನದು, ಕ್ರಿ.ಶ. ೧೬೩೮ರದು, ಬೇಲೂರಿನಲ್ಲಿ ಆಗ ವೆಂಕಟಾದ್ರಿ ನಾಯಕನ ಆಳ್ವಿಕೆ. ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಮುದ್ರೆ ಅಳಿಸಿದ್ದು ಲಿಂಗಕ್ಕೆ ಅಪಚಾರವೆಂದು ಕೂಗೆಬ್ಬಿಸುವುದು ಕಷ್ಟವಿರಲಿಲ್ಲ. ಜೈನರ ಪ್ರಮುಖರು ವೀರಶೈವರ ಮಹಾಮಹತ್ತಿನ ಬಳಿಗೆ ಬಂದು ಬಿನ್ನವಿಸಿದರು. ಹಿರಿಯರು ಕೂಡಿ ವಿಚಾರಿಸಿ ತೀರ್ಪು ಕೊಟ್ಟರು: ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಅನಂತರ ವಿಜಯಪಾರ್ಶ್ವನಾಥನ ಪೂಜೆ, ಉತ್ಸವಗಳನ್ನು ಹಿಂದಿನ ಪದ್ಧತಿಯಂತೆಯೇ ಚಂದ್ರಸೂರ್ಯರಿರುವವರೆಗೆ ನಡೆಸಿಕೊಂಡು ಬರತಕ್ಕದ್ದು. ವಿಭೂತಿ ವೀಳ್ಯದ ಷರತ್ತಿನಲ್ಲಿ ಬಲವಂತರ ಹಮ್ಮು ಇಣುಕುತ್ತದೆಂಬುದು ನಿಜ. ಆದರೆ ಶಾಸನದ ಕೊನೆಯ ಶಾಪವಾಕ್ಯವು ಜೈನರನ್ನು ಕುರಿತುದಲ್ಲ. ಈ ಜಿನಧರ್ಮಕ್ಕೆ ಅಡ್ಡಿಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು. ಅವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗೆ ತಪ್ಪಿದವನು, ಕಾಶಿ ರಾಮೇಶ್ವರಗಳ ಲಿಂಗಕ್ಕೆ ತಪ್ಪಿದವನು ಎಂದು ಅದು ಸಾರುತ್ತದೆ. ಆ ಕಲ್ಲನ್ನು ಬರೆಯಿಸಿದವರು ವೀರಶೈವರೇ. ಶಾಪಕ್ಕೆ ಗುರಿಯಾಗುವವರೂ ಅವರವರೇ.